ಬಾತ್‌ಟಬ್ ಇಲ್ಲದ ಬಚ್ಚಲಿನಲ್ಲಿ ಉಪ್ಪಿನ ಜಳಕ: ಯಾವ ಬಗೆ ಯಾರಿಗೆ ಹೊಂದುತ್ತದೆ?

ಸ್ನಾನದ ಉಪ್ಪಿನ ಡಬ್ಬಿಯ ಹಿಂಬದಿಯಲ್ಲಿ ಸಾಮಾನ್ಯವಾಗಿ ಒಂದೇ ಸೂಚನೆ ಇರುತ್ತದೆ: ಬೆಚ್ಚಗಿನ ನೀರು ತುಂಬಿದ ಬಾತ್‌ಟಬ್ಬಿಗೆ ಒಂದೆರಡು ಕಪ್‌ನಷ್ಟು ಉಪ್ಪು ಹಾಕಿ ಇಪ್ಪತ್ತು ನಿಮಿಷ ಅದರಲ್ಲಿ ಮಲಗಬೇಕು. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಬಹುಪಾಲು ಮನೆಗಳ ಬಚ್ಚಲಿನಲ್ಲಿ ಇರುವುದು ಒಂದು ಗೀಸರ್ ಅಥವಾ ನೀರು ಕಾಯಿಸುವ ಹಂಡೆ, ಇಪ್ಪತ್ತು ಲೀಟರ್ ಹಿಡಿಯುವ ಬಕೀಟು, ಒಂದು ತಂಬಿಗೆ, ಕುಳಿತುಕೊಳ್ಳಲು ಒಂದು ಮಣೆ, ಕಾಲ ಕೆಳಗೆ ಶಹಾಬಾದಿ ಫರಸಿ ಎಂಬ ಹಾಸುಗಲ್ಲು. ಹೀಗಾಗಿ ಯಾರೋ ಉಡುಗೊರೆಯಾಗಿ ಕೊಟ್ಟ ಉಪ್ಪಿನ ಡಬ್ಬಿ ಎಷ್ಟೋ ಮನೆಗಳಲ್ಲಿ ಮುಚ್ಚಳ ತೆಗೆಯದೆ ಕಪಾಟಿನಲ್ಲಿಯೇ ಉಳಿದುಬಿಡುತ್ತದೆ.

ನಾನು ಕಲಬುರಗಿಯ ಶಾಲೆಯೊಂದರಲ್ಲಿ ಪಾಠ ಮಾಡುವವಳು. ದಿನಕ್ಕೆ ಐದಾರು ತಾಸು ನಿಂತೇ ಇರುತ್ತೇನೆ. ಸಂಜೆ ಮನೆಗೆ ಬರುವಷ್ಟರಲ್ಲಿ ಹಿಮ್ಮಡಿಯಿಂದ ಮೀನಖಂಡದವರೆಗೆ ನೋವು ಹತ್ತಿರುತ್ತದೆ. ಆ ನೋವಿನ ಕಾರಣಕ್ಕಾಗಿಯೇ ಟಬ್ಬಿನ ಹಂಗಿಲ್ಲದೆ ಈ ಉಪ್ಪನ್ನು ಬಳಸುವ ದಾರಿಗಳನ್ನು ಕೆಲವು ವರ್ಷಗಳಿಂದ ಒಂದೊಂದಾಗಿ ಮಾಡಿ ನೋಡಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಪಾದ ನೆನೆಸುವುದು ಮತ್ತು ಜಳಕದ ಕೊನೆಯಲ್ಲಿ ಉಪ್ಪುನೀರು ಸುರಿದುಕೊಳ್ಳುವುದು, ಇವೆರಡೇ ನಮ್ಮ ಮನೆಗಳಿಗೆ ನಿಜವಾಗಿ ಹೊಂದುವ ಬಗೆಗಳು. ಉಳಿದವುಗಳಲ್ಲಿ ಕೆಲವು ಆಯಾ ಸಂದರ್ಭಕ್ಕೆ ಉಪಯೋಗವಾಗುತ್ತವೆ, ಕೆಲವು ಹಣವನ್ನೂ ನೀರನ್ನೂ ಒಟ್ಟಿಗೆ ಹಾಳು ಮಾಡುತ್ತವೆ.

ಟಬ್ಬಿನಿಂದ ಸಿಗುವುದೇನು, ಅದಕ್ಕೆ ತಗಲುವುದೇನು

ಬಾತ್‌ಟಬ್ಬಿನಲ್ಲಿ ಮಲಗಿದವರಿಗೆ ಮೂರು ಲಾಭಗಳಿವೆ. ಮೈಗೆಲ್ಲ ಒಂದೇ ಸಮನೆ ಕಾವು ತಾಗುತ್ತದೆ, ನೀರು ದೇಹದ ಭಾರವನ್ನು ಹೊತ್ತು ಕೀಲುಗಳಿಗೆ ಬಿಡುವು ಕೊಡುತ್ತದೆ, ಉಪ್ಪು ಕರಗಿದ ನೀರು ಚರ್ಮಕ್ಕೆ ಸೋಕುತ್ತದೆ. ಎರಡನೆಯದು ಎಂಥದೆಂಬುದು ಬೀದರಿನ ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಮಾಡಿದವರಿಗೆ ಗೊತ್ತು. ಒಳಗೆ ಹಗುರವಾಗಿದ್ದ ಮೈ, ಮೆಟ್ಟಿಲು ಹತ್ತಿ ಹೊರಗೆ ಬರುತ್ತಿದ್ದಂತೆಯೇ ಒಮ್ಮೆಲೇ ಭಾರವಾಗುತ್ತದೆ. ಈ ಹಗುರತನವನ್ನು ಬಕೀಟಿನಿಂದಾಗಲಿ ತಂಬಿಗೆಯಿಂದಾಗಲಿ ಪಡೆಯಲು ಸಾಧ್ಯವಿಲ್ಲ, ಅದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಕಾವು ಮತ್ತು ಉಪ್ಪಿನ ಸೋಂಕು ಮಾತ್ರ ಟಬ್ಬಿಲ್ಲದೆಯೂ ಸಿಗುತ್ತವೆ.

ಉಪ್ಪಿನ ಬಗ್ಗೆಯೂ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಸ್ನಾನದ ಉಪ್ಪಾಗಿ ಮಾರುವ ಎಪ್ಸಮ್ ಉಪ್ಪಿನಲ್ಲಿ, ಅಂದರೆ ಮೆಗ್ನೀಶಿಯಂ ಸಲ್ಫೇಟಿನಲ್ಲಿ, ಇರುವ ಮೆಗ್ನೀಶಿಯಂ ಚರ್ಮದ ಮೂಲಕ ರಕ್ತಕ್ಕೆ ಸೇರಿ ಸ್ನಾಯುಗಳ ನೋವನ್ನು ಕಳೆಯುತ್ತದೆ ಎಂಬ ಪ್ರಚಾರ ಬಹಳ ಇದೆ. ಅದಕ್ಕೆ ಗಟ್ಟಿಯಾದ ವೈಜ್ಞಾನಿಕ ಆಧಾರ ಇಲ್ಲ. ಬೆಚ್ಚಗಿನ ನೀರಿನಿಂದ ರಕ್ತಸಂಚಾರ ಹೆಚ್ಚಿ ಸ್ನಾಯುಗಳು ಸಡಿಲಾಗುವುದು ಮಾತ್ರ ನಿಜ. ಉಪ್ಪು ಒರಟು ಚರ್ಮವನ್ನು ಮೆದುಗೊಳಿಸಲು ನೆರವಾಗಬಹುದು, ನೀರಿಗೆ ಒಂದು ನುಣುಪನ್ನು ಕೊಡುತ್ತದೆ, ಇಪ್ಪತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಲು ಒಂದು ನೆಪವಾಗುತ್ತದೆ. ಮನೆಗೆಲಸ ಮುಗಿಯದ ಹೆಣ್ಣುಮಕ್ಕಳಿಗೆ ಆ ನೆಪವೇ ದೊಡ್ಡದು ಎಂದು ನಾನು ನಂಬಿದ್ದೇನೆ.

ಈಗ ಖರ್ಚಿನ ಲೆಕ್ಕ ನೋಡೋಣ. ಒಬ್ಬರು ಮಲಗುವ ಟಬ್ಬಿಗೆ ಕಡಿಮೆಯೆಂದರೂ 150 ಲೀಟರ್ ನೀರು ಬೇಕು. ನಲ್ಲಿಯ ನೀರು 25 ಡಿಗ್ರಿ ಇದೆ, ಗೀಸರಿನ ನೀರು 60 ಡಿಗ್ರಿಗೆ ಕಾಯುತ್ತದೆ ಎಂದಿಟ್ಟುಕೊಂಡರೆ, 15 ಲೀಟರಿನ ಒಂದು ಗೀಸರಿನಿಂದ ಮೈಗೆ ಹಿತವಾಗುವ 39 ಡಿಗ್ರಿಯ ನೀರು ಸುಮಾರು 37 ಲೀಟರ್ ಸಿಗುತ್ತದೆ; ಅಂದರೆ ಒಂದು ಟಬ್ಬು ತುಂಬಲು ಗೀಸರನ್ನು ನಾಲ್ಕು ಸಲ ಕಾಯಿಸಬೇಕು, ನಾಲ್ಕನೆಯದು ಕಾಯುವಷ್ಟರಲ್ಲಿ ಮೊದಲನೆಯದು ಆರಿರುತ್ತದೆ. ವಿದ್ಯುತ್ತು ಸುಮಾರು ಎರಡೂವರೆ ಯೂನಿಟ್ ಖರ್ಚಾಗುತ್ತದೆ. ಪಾದ ನೆನೆಸಲು ಬೇಕಾಗುವ ಆರು ಲೀಟರ್ ನೀರಿಗೆ ಒಂದು ಯೂನಿಟ್ಟಿನ ಹತ್ತನೆಯ ಒಂದು ಭಾಗ ಸಾಕು. ನಲ್ಲಿಗೆ ದಿನ ಬಿಟ್ಟು ದಿನ ನೀರು ಬರುವ ಓಣಿಗಳಲ್ಲಿ, ಬೇಸಿಗೆಯಲ್ಲಿ ಟ್ಯಾಂಕರಿಗೆ ಹೇಳಿ ಕಾಯುವ ಮನೆಗಳಲ್ಲಿ, 150 ಲೀಟರನ್ನು ಒಬ್ಬರ ಆರಾಮಕ್ಕಾಗಿ ಮೋರಿಗೆ ಬಿಡಲು ಮನಸ್ಸು ಬರುವುದಿಲ್ಲ.

ನಮ್ಮ ಕಡೆಗೆ ಟಬ್ಬಿನ ರೂಢಿ ಮೊದಲಿನಿಂದಲೂ ಅಷ್ಟಾಗಿ ಇರಲಿಲ್ಲ ಎಂಬುದನ್ನೂ ನೆನೆಯಬೇಕು. ಬೀದರ್ ಕೋಟೆಯಲ್ಲಿ ಈಗ ವಸ್ತುಸಂಗ್ರಹಾಲಯ ಇರುವ ಕಟ್ಟಡ ಹಿಂದೆ ಶಾಹಿ ಹಮಾಮ್, ಅಂದರೆ ಅರಮನೆಯವರ ಸ್ನಾನಗೃಹ, ಆಗಿತ್ತು. ಬೆಚ್ಚಗಿನ ಕೋಣೆಯಲ್ಲಿ ಕುಳಿತು ಬೆವರಿ, ಮೈ ತಿಕ್ಕಿಸಿಕೊಂಡು, ಪಾತ್ರೆಯಿಂದ ನೀರು ಸುರಿದುಕೊಳ್ಳುವುದೇ ಹಮಾಮಿನ ಪದ್ಧತಿ. ಯುನಾನಿ ವೈದ್ಯದಲ್ಲಿ ಪಾದಗಳನ್ನು ಬೆಚ್ಚಗಿನ ನೀರಿನಲ್ಲಿ ಇಡುವ ಉಪಚಾರಕ್ಕೆ ಪಾಶೋಯಾ ಎಂಬ ಹೆಸರಿದೆ. ನೀರನ್ನು ಧಾರೆಯಾಗಿ ಸುರಿಯುವುದಕ್ಕೆ ನತೂಲ್ ಎನ್ನುತ್ತಾರೆ. ಸುರಿಯುವುದು ಮತ್ತು ಪಾದ ಅದ್ದುವುದು ಟಬ್ಬಿಲ್ಲದವರ ಬಡಪಾಯಿ ಉಪಾಯಗಳಲ್ಲ. ಇಲ್ಲಿನ ನೆಲದಲ್ಲಿ ಬಹುಕಾಲದಿಂದ ಇರುವ ಪದ್ಧತಿಗಳೇ ಆಗಿವೆ.

ಪಾದ ನೆನೆಸುವುದು

ಒಂದೇ ಬಗೆಯನ್ನು ಆರಿಸಿಕೊಳ್ಳಿ ಎಂದರೆ ನಾನು ಹಿಂದುಮುಂದು ನೋಡದೆ ಇದನ್ನು ಹೇಳುತ್ತೇನೆ. ನೀರು ಕಡಿಮೆ, ಉಪ್ಪು ಕಡಿಮೆ, ಬಟ್ಟೆ ಬದಲಿಸುವ ಗೋಜಿಲ್ಲ, ಬಚ್ಚಲಿನಲ್ಲಿಯೇ ಕೂರಬೇಕೆಂಬ ನಿಯಮವೂ ಇಲ್ಲ. ತೊಗರಿ ರಾಶಿಯ ದಿನಗಳಲ್ಲಿ ಹೊಲದಲ್ಲಿ ನಿಂತು ಬಂದವರು, ಹುಣ್ಣಿಮೆಗೆ ಗಾಣಗಾಪುರಕ್ಕೆ ನಡೆದು ಹೋಗಿ ಬಂದವರು, ಅಂಗಡಿಯಲ್ಲಿ ದಿನವಿಡೀ ನಿಲ್ಲುವವರು, ಇವರೆಲ್ಲರ ದಣಿವು ಮೊದಲು ಕೂಡಿಕೊಳ್ಳುವುದು ಪಾದಗಳಲ್ಲಿಯೇ.

ಇದಕ್ಕೆ ಪಾತ್ರೆಯ ಆಯ್ಕೆಯೇ ಮುಖ್ಯ. ಇಪ್ಪತ್ತು ಲೀಟರಿನ ಬಕೀಟಿನಲ್ಲಿ ಎರಡೂ ಪಾದಗಳು ಸಮನಾಗಿ ಕೂರುವುದಿಲ್ಲ, ಬೆರಳುಗಳು ಮಡಚಿಕೊಂಡು ಐದೇ ನಿಮಿಷದಲ್ಲಿ ಜೋಮು ಹಿಡಿಯುತ್ತದೆ. ಹಿಟ್ಟು ನಾದುವ ಪರಾತ ಅಗಲವಾಗಿದ್ದರೂ ಆಳವಿಲ್ಲ, ನೀರು ಕಾಲಿನ ಹರಡನ್ನು ಮುಟ್ಟುವುದಿಲ್ಲ. ಪಾತ್ರೆ ತೊಳೆಯಲು ಬಳಸುವಂಥ ಉದ್ದನೆಯ ಪ್ಲಾಸ್ಟಿಕ್ ಟಬ್ಬು, ಒಂದೂವರೆ ಅಡಿ ಉದ್ದ, ಎಂಟು ಇಂಚು ಆಳ ಇದ್ದರೆ ಸಾಕು. ಪಾದಕ್ಕೆಂದೇ ಒಂದನ್ನು ಬೇರೆ ಇಟ್ಟುಕೊಳ್ಳಬೇಕು. ಮೊದಲ ಸಲ ನಾನು ಮನೆಯಲ್ಲಿದ್ದ ಅಲ್ಯೂಮಿನಿಯಂ ಪಾತ್ರೆಯನ್ನೇ ಬಳಸಿ, ಹರಳುಪ್ಪಿನ ನೀರನ್ನು ಚೆಲ್ಲದೆ ಹಾಗೆಯೇ ಬಿಟ್ಟು ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಪಾತ್ರೆಯ ತಳದಲ್ಲಿ ಸಾಸಿವೆ ಕಾಳಿನಷ್ಟು ಬಿಳಿಯ ಚುಕ್ಕೆಗಳು ಎದ್ದಿದ್ದವು, ಉಗುರಿನಿಂದ ಕೆರೆದರೆ ಕೆಳಗೆ ಸಣ್ಣ ಗುಳಿಗಳು. ಉಪ್ಪುನೀರು ಅಲ್ಯೂಮಿನಿಯಂ ಅನ್ನು ಹೀಗೆ ತಿನ್ನುತ್ತದೆ. ತಾಮ್ರದ ಹಂಡೆಯನ್ನೂ ಹಿತ್ತಾಳೆಯ ಪಾತ್ರೆಯನ್ನೂ ಹಸಿರುಗಟ್ಟಿಸುತ್ತದೆ. ಆದ್ದರಿಂದ ಹಂಡೆಯ ನೀರಿಗೆ ಎಂದಿಗೂ ಉಪ್ಪು ಹಾಕಬಾರದು, ನೀರನ್ನು ಬೇರೆ ಪಾತ್ರೆಗೆ ತೆಗೆದುಕೊಂಡ ಮೇಲೆಯೇ ಹಾಕಬೇಕು. ಬಕೀಟಿನಲ್ಲಿ ಹೀಟರ್ ರಾಡ್ ಇಟ್ಟು ನೀರು ಕಾಯಿಸುವವರು ಇನ್ನೂ ಎಚ್ಚರದಿಂದ ಇರಬೇಕು: ಉಪ್ಪುನೀರು ವಿದ್ಯುತ್ತನ್ನು ಸಾದಾ ನೀರಿಗಿಂತ ಬಹಳ ಸುಲಭವಾಗಿ ಹರಿಸುತ್ತದೆ. ಸ್ವಿಚ್ಚು ತೆಗೆದು, ಪ್ಲಗ್ಗು ಕಿತ್ತು, ರಾಡನ್ನು ನೀರಿನಿಂದ ಹೊರಗಿಟ್ಟ ಮೇಲೆಯೇ ಉಪ್ಪಿನ ಮಾತು.

ಅಳತೆ ಹೀಗಿದೆ. ಆರೇಳು ಲೀಟರ್ ನೀರಿಗೆ ಸುಮಾರು 100 ಗ್ರಾಂ ಎಪ್ಸಮ್ ಉಪ್ಪು, ಅಂದರೆ ನಮ್ಮ ಕಡೆಯ ಒಂದು ಸಣ್ಣ ಚಹಾ ಕಪ್ಪಿನಷ್ಟು. ಹೋಲಿಕೆಗೆ ಹೇಳುವುದಾದರೆ ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನಮ್ಮ ಅಳತೆ ಅದರ ಅರ್ಧಕ್ಕಿಂತ ಕಡಿಮೆ. ಹೆಚ್ಚು ಹಾಕಿದರೆ ಹೆಚ್ಚು ಗುಣ ಎಂಬುದು ತಪ್ಪು; ಚರ್ಮ ಬಿಗಿದು ಒಣಗುತ್ತದೆ, ಅಷ್ಟೆ. ನೀರು 38ರಿಂದ 40 ಡಿಗ್ರಿ ಇರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಕೂಸಿಗೆ ಎರೆಯುವಾಗ ಅಜ್ಜಿಯರು ನೋಡುವಂತೆ ಮೊಳಕೈ ಅದ್ದಿ ನೋಡಬೇಕು. ಮೊಳಕೈಗೆ ಹಿತವಾದದ್ದು ಪಾದಕ್ಕೂ ಹಿತ. ಹದಿನೈದು ಇಪ್ಪತ್ತು ನಿಮಿಷ ಸಾಕು. ನೀರು ಆರಿದರೆ ಪಾದಗಳನ್ನು ಹೊರಗೆ ತೆಗೆದು ಬಿಸಿನೀರು ಬೆರೆಸಿ, ಮತ್ತೊಮ್ಮೆ ಮೊಳಕೈಯಿಂದ ನೋಡಿ ಒಳಗಿಡಬೇಕು. ಮುಗಿದ ಮೇಲೆ ಸಾದಾ ನೀರಿನಿಂದ ತೊಳೆದು, ಬೆರಳುಗಳ ಸಂದಿಯನ್ನು ಒಣಬಟ್ಟೆಯಿಂದ ಒರೆಸಿ, ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಅಥವಾ ಕುಸುಬಿ ಎಣ್ಣೆ ಹಚ್ಚಿ, ಹಳೆಯ ಹತ್ತಿಯ ಕಾಲುಚೀಲ ಹಾಕಿಕೊಂಡರೆ ಒಡೆದ ಹಿಮ್ಮಡಿ ಕೆಲವೇ ದಿನಗಳಲ್ಲಿ ಮೆದುವಾಗುತ್ತದೆ. ಬಿರುಕಿನಲ್ಲಿ ರಕ್ತ ಕಾಣುವಷ್ಟು ಒಡೆದಿದ್ದರೆ ಮಾತ್ರ ಉಪ್ಪು ಬೇಡ, ಬರೀ ಬೆಚ್ಚಗಿನ ನೀರೇ ಸರಿ.

ಬೇಸಿಗೆಯಲ್ಲಿ ಕಲಬುರಗಿಯವರಿಗೂ ಯಾದಗಿರಿಯವರಿಗೂ ಇದರಲ್ಲಿ ಒಂದು ಸವಲತ್ತಿದೆ. ಮೇ ತಿಂಗಳಿನಲ್ಲಿ ಮಾಳಿಗೆಯ ಮೇಲಿನ ಟ್ಯಾಂಕಿನ ನೀರು ಮಧ್ಯಾಹ್ನ ಕೈಯಿಡಲಾಗದಷ್ಟು ಕಾದಿರುತ್ತದೆ. ಅದನ್ನು ಟಬ್ಬಿಗೆ ಹಿಡಿದಿಟ್ಟರೆ ಸಂಜೆ ಹೊತ್ತಿಗೆ ಉಗುರುಬೆಚ್ಚಗೆ ಇಳಿದಿರುತ್ತದೆ, ಕಾಯಿಸುವ ಅಗತ್ಯವೇ ಬೀಳುವುದಿಲ್ಲ.

ಕೊನೆಯ ಬಕೀಟು

ಪಾದಕ್ಕಿಂತ ಹೆಚ್ಚಾಗಿ ಬೆನ್ನು, ಭುಜ, ಸೊಂಟ ನೋಯುವವರಿಗೆ, ಮೈಗೆಲ್ಲ ಉಪ್ಪುನೀರಿನ ಹಿತ ಬೇಕೆನ್ನುವವರಿಗೆ ಎರಡನೆಯ ಬಗೆ ಸರಿಯಾದದ್ದು. ಇದರಲ್ಲಿ ಕ್ರಮವೇ ಎಲ್ಲ. ಮೊದಲು ಸಾಬೂನು ಹಚ್ಚಿ ಎಂದಿನಂತೆ ಜಳಕ ಮುಗಿಸಬೇಕು, ಸಾಬೂನು ಪೂರ್ತಿ ಹೋಗುವಂತೆ ಮೈ ತೊಳೆಯಬೇಕು, ಅನಂತರವೇ ಉಪ್ಪುನೀರು. ಈ ಕ್ರಮವನ್ನು ತಿರುಗುಮುರುಗು ಮಾಡಿದರೆ ಆಗುವ ತೊಂದರೆಯನ್ನು ನಮ್ಮ ಜಿಲ್ಲೆಗಳಲ್ಲಿ ಬೋರಿನ ನೀರು ಬಳಸುವ ಯಾರಾದರೂ ಊಹಿಸಬಲ್ಲರು. ಸುಣ್ಣದ ಕಲ್ಲಿನ ನೆಲದಿಂದ ಬರುವ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಶಿಯಂ ಮೊದಲೇ ಹೆಚ್ಚು. ಅದಕ್ಕಾಗಿಯೇ ಸಾಬೂನು ನೊರೆ ಬಿಡದೆ ಬಕೀಟಿನ ಅಂಚಿಗೆ ಬೂದುಬಣ್ಣದ ಜಿಗಟು ಕಟ್ಟುತ್ತದೆ. ಎಪ್ಸಮ್ ಉಪ್ಪೆಂದರೆ ಮೆಗ್ನೀಶಿಯಂ ಸಲ್ಫೇಟ್. ಗಡಸು ನೀರಿಗೆ ಅದನ್ನು ಬೆರೆಸಿ ಸಾಬೂನು ಹಚ್ಚಿದರೆ ಅದೇ ಜಿಗಟು ಮೈಮೇಲೆ ಕೂರುತ್ತದೆ, ತಲೆಗೂದಲು ಹಗ್ಗದಂತಾಗುತ್ತದೆ. ಉಪ್ಪುನೀರು ಕುತ್ತಿಗೆಯಿಂದ ಕೆಳಗೆ ಮಾತ್ರ ಎಂಬ ನಿಯಮವನ್ನು ನಾನು ಬಿಟ್ಟಿಲ್ಲ.

ಆರು ಲೀಟರ್ ಬೆಚ್ಚಗಿನ ನೀರಿನಲ್ಲಿ 50 ಗ್ರಾಂ ಉಪ್ಪನ್ನು ಪೂರ್ತಿ ಕರಗಿಸಿ, ಮಣೆಯ ಮೇಲೆ ಕುಳಿತು, ಒಂದೊಂದೇ ತಂಬಿಗೆಯನ್ನು ಭುಜದ ಮೇಲಿಂದ ಸಣ್ಣ ಧಾರೆಯಾಗಿ ಬಿಡಬೇಕು. ಅವಸರದಿಂದ ಸುರಿದರೆ ಆರು ಲೀಟರ್ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ, ಕಾವು ಮೈಗೆ ಇಳಿಯುವುದೇ ಇಲ್ಲ. ನಾನು ಕಂಡುಕೊಂಡ ಉಪಾಯವೆಂದರೆ ದಪ್ಪನೆಯ ಹತ್ತಿಯ ಟವೆಲನ್ನು ಆ ನೀರಿನಲ್ಲಿ ಅದ್ದಿ ಬೆನ್ನು ಭುಜಗಳ ಮೇಲೆ ಹೊದ್ದು, ಅದರ ಮೇಲೆ ತಂಬಿಗೆಯಿಂದ ನೀರು ಬಿಡುವುದು. ಟವೆಲು ಕಾವನ್ನೂ ಉಪ್ಪನ್ನೂ ಹಿಡಿದಿಟ್ಟುಕೊಂಡು ಏಳೆಂಟು ನಿಮಿಷ ಬೆನ್ನನ್ನು ಬೆಚ್ಚಗಿಡುತ್ತದೆ. ಪಾದಗಳನ್ನು ಅದೇ ಹೊತ್ತಿಗೆ ಟಬ್ಬಿನಲ್ಲಿ ಇಟ್ಟುಕೊಂಡರೆ ಭುಜದಿಂದ ಇಳಿದ ನೀರೂ ಅದರಲ್ಲಿ ಬೀಳುತ್ತದೆ, ಎರಡೂ ಬಗೆಗಳು ಒಂದೇ ನೀರಿನಲ್ಲಿ ಆಗುತ್ತವೆ. ಬೀದರಿನ ಚಳಿಗಾಲದಲ್ಲಿ, ಬೆಳಗಿನ ಗಾಳಿ ಬಚ್ಚಲಿನ ಕಿಟಕಿಯಿಂದ ನುಗ್ಗುವ ದಿನಗಳಲ್ಲಿ, ಭಾಲ್ಕಿಯ ನನ್ನ ತವರಿನಲ್ಲಿ ಇದನ್ನು ಮಾಡಿದಾಗಲೇ ಇದರ ನಿಜವಾದ ಸುಖ ನನಗೆ ತಿಳಿದದ್ದು. ಮೈ ಒಣಗುವ ಸ್ವಭಾವದವರು ಕೊನೆಗೆ ಒಂದು ತಂಬಿಗೆ ಸಾದಾ ನೀರು ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಒಣಗಿದ ಉಪ್ಪು ಚಳಿಗಾಲದ ಚರ್ಮಕ್ಕೆ ತುರಿಕೆ ತರುತ್ತದೆ.

ಪಾದ ನೆನೆಸುವುದಕ್ಕೆ ಹೋಲಿಸಿದರೆ ಇದರಲ್ಲಿ ವಿಶ್ರಾಂತಿ ಕಡಿಮೆ, ಯಾಕೆಂದರೆ ಕೈ ಸುಮ್ಮನಿರುವುದಿಲ್ಲ. ಸಮಯವೂ ಕಡಿಮೆ ಸಾಕು ಎಂಬುದು ಅದರ ಇನ್ನೊಂದು ಮುಖ. ಬೆಳಿಗ್ಗೆ ಎಂಟಕ್ಕೆ ಬಸ್ಸು ಹಿಡಿಯುವವರಿಗೆ ಕೊನೆಯ ಬಕೀಟು, ರಾತ್ರಿ ಊಟದ ಕೆಲಸ ಮುಗಿಸಿ ಕೂರುವವರಿಗೆ ಪಾದದ ಟಬ್ಬು ಎಂದು ನಾನು ಸಲಹೆ ಕೊಡುತ್ತೇನೆ.

ಉಳಿದ ಬಗೆಗಳು

ಒಂದೇ ಕಡೆ ನೋವಿದ್ದರೆ ಇಡೀ ಮೈಗೆ ನೀರು ಹಾಕುವ ಬದಲು ಕಾವು ಕೊಡುವುದು ಮೇಲು. ಉಪ್ಪು ಕರಗಿಸಿದ ಬಿಸಿನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಕುತ್ತಿಗೆಯ ಹಿಂದೆ ಅಥವಾ ಮೊಣಕಾಲಿನ ಮೇಲೆ ಇಡುವುದು ಒಂದು ಬಗೆ. ಹರಳುಪ್ಪನ್ನು ಕಬ್ಬಿಣದ ಹಂಚಿನ ಮೇಲೆ ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಒತ್ತುವುದು ನಮ್ಮ ಹಿರಿಯರ ಬಗೆ. ಉಪ್ಪು ಕಾವನ್ನು ನಿಧಾನವಾಗಿ ಬಿಡುವುದರಿಂದ ಒಂದು ಗಂಟು ಬಹಳ ಹೊತ್ತು ಬೆಚ್ಚಗಿರುತ್ತದೆ. ಇವೆರಡರಲ್ಲಿ ನಾನು ಒಣ ಗಂಟನ್ನೇ ಮೆಚ್ಚುತ್ತೇನೆ, ಹಾಸಿಗೆ ಒದ್ದೆಯಾಗುವುದಿಲ್ಲ, ನೀರೇ ಬೇಕಿಲ್ಲ. ಗಂಟನ್ನು ಮೊದಲು ಮುಂಗೈಗೆ ತಾಗಿಸಿ ನೋಡದೆ ಮಾತ್ರ ಯಾರ ಮೈಗೂ ಇಡಬಾರದು. ಎಪ್ಸಮ್ ಉಪ್ಪನ್ನು ಹಂಚಿನ ಮೇಲೆ ಹುರಿಯಬಾರದು, ಅದರ ಹರಳಿನೊಳಗಿನ ನೀರು ಬಿಟ್ಟುಕೊಂಡು ಅದು ಹಂಚಿಗೆ ಅಂಟುತ್ತದೆ.

ಎರಡು ಪಾಲು ಸಣ್ಣ ಉಪ್ಪಿಗೆ ಒಂದು ಪಾಲು ಎಣ್ಣೆ ಕಲಸಿ ಮೈ ತಿಕ್ಕುವುದು ಒರಟಾದ ಮೊಣಕೈ, ಮೊಣಕಾಲು, ಹಿಮ್ಮಡಿಗಳಿಗೆ ಒಳ್ಳೆಯದು. ಅದನ್ನು ವಾರಕ್ಕೊಮ್ಮೆಗಿಂತ ಹೆಚ್ಚು ಮಾಡಬಾರದು, ಮುಖಕ್ಕೂ ಹೊಸದಾಗಿ ಕೂದಲು ತೆಗೆದ ಚರ್ಮಕ್ಕೂ ತಾಗಿಸಬಾರದು. ಎಣ್ಣೆ ಬಿದ್ದ ಫರಸಿ ಗಾಜಿನಂತೆ ಜಾರುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ತಿಕ್ಕಿದ ಕೂಡಲೇ ನೆಲವನ್ನು ಸಾಬೂನಿನಿಂದ ತೊಳೆದೇ ಹೊರಗೆ ಬರಬೇಕು.

ಉಪ್ಪಿನ ಚೀಲವನ್ನು ಶವರಿಗೆ ಕಟ್ಟುವುದು ನನ್ನ ಮಟ್ಟಿಗೆ ವ್ಯರ್ಥ. ನೀರು ಉಪ್ಪಿನ ಮೂಲಕ ಓಡಿಹೋಗುತ್ತದೆ, ಉಪ್ಪು ಮೈಮೇಲೆ ನಿಲ್ಲುವುದಿಲ್ಲ.

ಮಡಚಿಡುವ ಟಬ್ಬುಗಳನ್ನು ಆನ್‌ಲೈನಿನಲ್ಲಿ ನೋಡಿ ಆಸೆಪಡುವವರು ಬಹಳ. ಮೇಲೆ ಹೇಳಿದ ಗೀಸರಿನ ಲೆಕ್ಕ ಅದಕ್ಕೂ ಅನ್ವಯಿಸುತ್ತದೆ. ಅದಕ್ಕಿಂತ ಮುಖ್ಯವಾದದ್ದು ಭಾರ: 150 ಲೀಟರ್ ನೀರೆಂದರೆ 150 ಕಿಲೋ, ಅದರಲ್ಲಿ ಕುಳಿತವರ ತೂಕ ಬೇರೆ. ಹಳೆಯ ಕಲ್ಲುಚಪ್ಪಡಿಯ ಮಾಳಿಗೆಯ ಮೇಲೆ ಅದನ್ನು ಇಡುವ ಯೋಚನೆಯನ್ನೇ ಮಾಡಬಾರದು, ನೆಲಮಹಡಿಯೇ ಆಗಬೇಕು. ನಾನು ತರಿಸಿದ ಒಂದು ಟಬ್ಬಿನ ಹೊಲಿಗೆ ಎರಡನೆಯ ತಿಂಗಳಲ್ಲಿಯೇ ಬಿಟ್ಟಿತು. ಪಡಸಾಲೆಯವರೆಗೆ ಹರಿದ ನೀರನ್ನು ಒರೆಸುವಾಗ ಈ ವಿಷಯದಲ್ಲಿ ನನ್ನ ಆಸೆ ಮುಗಿದಿತ್ತು. ತೇಲುವ ಹಗುರತನವೇ ಬೇಕಾದವರು, ಅಂದರೆ ಕೀಲುನೋವಿಗೆ ವೈದ್ಯರು ನೀರಿನಲ್ಲಿ ಕುಳಿತುಕೊಳ್ಳಲು ಹೇಳಿದವರು ಮಾತ್ರ, ಸ್ವಂತ ಬೋರು ಮತ್ತು ಸೋಲಾರ್ ನೀರಿನ ಅನುಕೂಲವಿದ್ದರೆ, ಇದನ್ನು ಪರಿಗಣಿಸಬಹುದು.

ಯಾವ ಉಪ್ಪು

ಎಪ್ಸಮ್ ಉಪ್ಪಿಗೆ ಆ ಹೆಸರು ಬಂದದ್ದು ಇಂಗ್ಲೆಂಡಿನ ಎಪ್ಸಮ್ ಎಂಬ ಊರಿನಿಂದ. 17ನೆಯ ಶತಮಾನದಲ್ಲಿ ಅಲ್ಲಿನ ಕಹಿನೀರಿನ ಬುಗ್ಗೆಯಿಂದ ಅದನ್ನು ತೆಗೆಯುತ್ತಿದ್ದರು. ನಮ್ಮ ಊರಿನ ಮೆಡಿಕಲ್ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ. ಇದೇ ಮೆಗ್ನೀಶಿಯಂ ಸಲ್ಫೇಟು ಗೊಬ್ಬರದ ಅಂಗಡಿಯಲ್ಲಿಯೂ ಚೀಲದಲ್ಲಿ ಸಿಗುತ್ತದೆ. ಹತ್ತಿಯ ಎಲೆ ಕೆಂಪಾಗುವುದಕ್ಕೆ ಸಿಂಪಡಿಸಲು ರೈತರು ಒಯ್ಯುತ್ತಾರೆ. ಬೆಲೆ ಕಡಿಮೆಯೆಂದು ಅದನ್ನು ಜಳಕಕ್ಕೆ ತರುವುದು ಸರಿಯಲ್ಲ. ಬೆಳೆಗೆಂದು ಮಾಡಿದ ಸರಕಿನ ಶುದ್ಧತೆ ಚರ್ಮಕ್ಕೆಂದು ನೋಡಿದ್ದಲ್ಲ.

ಕಲಬುರಗಿಯ ನೆಹರೂ ಗಂಜಿನ ಕಿರಾಣಿ ಅಂಗಡಿಯಲ್ಲಿ ತೂಗಿ ಕೊಡುವ ಹರಳುಪ್ಪು ಎಲ್ಲಕ್ಕಿಂತ ಅಗ್ಗ, ಪಾದಕ್ಕೆ ಧಾರಾಳ ಸಾಕು. ಕರಗಲು ಹೊತ್ತು ಹಿಡಿಯುತ್ತದೆ. ತಳದಲ್ಲಿ ಉಳಿದ ಹರಳು ಪಾದಕ್ಕೆ ಚುಚ್ಚದಿರಲೆಂದು ಬಟ್ಟೆಯ ಗಂಟಿನಲ್ಲಿ ಅದ್ದಿಡಬೇಕು, ಇಲ್ಲವೇ ಒಂದು ತಂಬಿಗೆ ಕುದಿನೀರಿನಲ್ಲಿ ಮೊದಲೇ ಕರಗಿಸಿ ಸೋಸಿಕೊಳ್ಳಬೇಕು. ಸೈಂಧವ ಲವಣದ ಗುಲಾಬಿ ಬಣ್ಣ ಅದರಲ್ಲಿರುವ ಕಬ್ಬಿಣದ ಅಂಶದಿಂದ ಬಂದದ್ದು, ಉಳಿದಂತೆ ಅದೂ ಬಹುಪಾಲು ಅಡುಗೆ ಉಪ್ಪೇ ಆಗಿರುವುದರಿಂದ ಜಳಕಕ್ಕಾಗಿ ಹೆಚ್ಚಿನ ಬೆಲೆ ಕೊಡುವ ಕಾರಣ ನನಗೆ ಕಾಣುವುದಿಲ್ಲ. ಮೃತ ಸಮುದ್ರದ ಉಪ್ಪು ಮಾತ್ರ ನಿಜವಾಗಿಯೂ ಬೇರೆ, ಅದರಲ್ಲಿ ಮೆಗ್ನೀಶಿಯಂ ಮತ್ತು ಪೊಟ್ಯಾಶಿಯಂ ಕ್ಲೋರೈಡುಗಳೇ ಹೆಚ್ಚು. ಬೆಲೆ ಬಹಳವಾದ್ದರಿಂದ ಅದನ್ನು ಕೊಂಡವರು ಪಾದಕ್ಕೆ ಮಾತ್ರ, ಕಡಿಮೆ ನೀರಿನಲ್ಲಿ ಬಳಸುವುದು ಜಾಣತನ.

ಬಣ್ಣ, ಪರಿಮಳ ಬೆರೆಸಿದ ಉಪ್ಪುಗಳು ಉಡುಗೊರೆಗೆ ಚೆನ್ನ. ಪರಿಮಳ ಬೇಕೆನ್ನುವವರು ಸಾದಾ ಉಪ್ಪನ್ನೇ ತಂದು, ಒಂದು ಚಮಚ ಕೊಬ್ಬರಿ ಎಣ್ಣೆಯಲ್ಲಿ ಎರಡು ಹನಿ ಲ್ಯಾವೆಂಡರ್ ಅಥವಾ ನೀಲಗಿರಿ ತೈಲ ಬೆರೆಸಿ ಹಾಕಿಕೊಳ್ಳಬಹುದು. ತೈಲವನ್ನು ನೇರವಾಗಿ ನೀರಿಗೆ ಬಿಟ್ಟರೆ ಅದು ಮೇಲೆ ತೇಲಿ ಚರ್ಮವನ್ನು ಸುಡುತ್ತದೆ. ನೀರಿನಲ್ಲಿ ನೊರೆಯುಕ್ಕುವ ಬಾತ್ ಬಾಂಬ್ ಎಂಬ ಉಂಡೆಗಳನ್ನು ನಮ್ಮ ಬಚ್ಚಲಿಗೆ ನಾನು ತರುವುದಿಲ್ಲ. ಅವುಗಳಲ್ಲಿ ಸಿಟ್ರಿಕ್ ಆಮ್ಲ ಇರುತ್ತದೆ, ಶಹಾಬಾದಿ ಫರಸಿ ಸುಣ್ಣದ ಕಲ್ಲು. ನಿಂಬೆಹಣ್ಣಿನ ರಸ ಬಿದ್ದ ಕಡೆ ಫರಸಿಯ ಹೊಳಪು ಹೋಗಿ ಮಂಕಾಗುವುದನ್ನು ನೋಡಿದವರಿಗೆ ಬೇರೆ ವಿವರಣೆ ಬೇಡ.

ನೆಲಕ್ಕೆ, ಗಿಡಕ್ಕೆ, ಮನೆಯವರಿಗೆ

ಉಪ್ಪುನೀರೂ ಫರಸಿಗೆ ನಿಧಾನವಾಗಿ ಕೆಡುಕು ಮಾಡುತ್ತದೆ. ಟಬ್ಬನ್ನು ಒಂದೇ ಮೂಲೆಯಲ್ಲಿ ಇಟ್ಟು ಚೆಲ್ಲಿದ ನೀರನ್ನು ತೊಳೆಯದೆ ಬಿಟ್ಟಿದ್ದರಿಂದ ನಮ್ಮ ಮನೆಯ ಕಲ್ಲಿನ ಸಂದಿಗಳಲ್ಲಿ ಬೂರಲಿನಂಥ ಬಿಳಿಯ ಪದರ ಎದ್ದಿತ್ತು; ಬ್ರಶ್ಶಿನಿಂದ ತಿಕ್ಕಿ ತೆಗೆದರೂ ವಾರದಲ್ಲಿ ಮತ್ತೆ ಬಂತು, ಯಾಕೆಂದರೆ ಉಪ್ಪು ಕಲ್ಲಿನ ಒಳಗಿಳಿದು ಒಣಗುವಾಗ ಹರಳುಗಟ್ಟುತ್ತದೆ. ಪ್ರತಿ ಸಲವೂ ಎರಡು ತಂಬಿಗೆ ಸಾದಾ ನೀರಿನಿಂದ ನೆಲ ತೊಳೆದರೆ ಈ ತೊಂದರೆ ಇಲ್ಲ.

ಹಳ್ಳಿಯ ಕಡೆ ಬಚ್ಚಲಿನ ನೀರು ಹಿತ್ತಲಿನ ಬಾಳೆಗೋ ತೆಂಗಿಗೋ ಹೋಗುವಂತೆ ಕಾಲುವೆ ಮಾಡಿರುತ್ತಾರೆ. ಹರಳುಪ್ಪಿನ ನೀರನ್ನು ಅಲ್ಲಿಗೆ ಬಿಡಬಾರದು. ಎರೆಮಣ್ಣಿಗೆ ಸೋಡಿಯಂ ಸೇರಿದರೆ ಮಣ್ಣು ಬಿಗಿದು ನೀರು ಇಂಗುವುದು ನಿಲ್ಲುತ್ತದೆ. ಇಂಥ ಮನೆಗಳಿಗೆ ಎಪ್ಸಮ್ ಉಪ್ಪೇ ವಾಸಿ. ಅದೂ ಅತಿಯಾಗದಂತೆ, ದಿನದ ಉಳಿದ ಬಚ್ಚಲ ನೀರಿನೊಂದಿಗೆ ಬೆರೆತು ಹೋಗುವಂತೆ ನೋಡಿಕೊಳ್ಳಬೇಕು.

ನನ್ನ ಮಾವನವರಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ಒಮ್ಮೆ ನಾನೇ ಅವರಿಗಾಗಿ ನೀರು ಕಾಯಿಸಿ ಟಬ್ಬು ತಂದಿಟ್ಟು, ಬಿಸಿ ಸರಿಯಿದೆಯೇ ಎಂದು ಕೇಳಿದೆ. "ಬೆಚ್ಚಗೇ ಇಲ್ಲವಲ್ಲಮ್ಮಾ, ಇನ್ನೊಂದು ತಂಬಿಗೆ ಬಿಸಿನೀರು ಹಾಕು" ಎಂದರು. ಹಾಕುವ ಮೊದಲು ಕೈ ಅದ್ದಿದವಳು ತಟ್ಟನೆ ಹಿಂದೆ ತೆಗೆದೆ. ಅವರ ಪಾದಗಳು ಆಗಲೇ ಕೆಂಪಾಗಿದ್ದವು, ಅವರಿಗೆ ಅದು ತಿಳಿದೇ ಇರಲಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗೆ ಬಿಸಿ ಗೊತ್ತಾಗುವುದಿಲ್ಲ, ನೆನೆದು ಮೆತ್ತಗಾದ ಚರ್ಮದಲ್ಲಿ ಆದ ಸಣ್ಣ ಗಾಯವೂ ಹುಣ್ಣಾಗುತ್ತದೆ. ಅದಕ್ಕಾಗಿಯೇ ವೈದ್ಯರು ಅವರಿಗೆ ಪಾದ ನೆನೆಸುವುದೇ ಬೇಡವೆನ್ನುತ್ತಾರೆ. ಮಾವನವರ ಪಾದಗಳನ್ನು ಈಗ ಉಗುರುಬೆಚ್ಚಗಿನ ಸಾದಾ ನೀರಿನಿಂದ ಬೇಗ ತೊಳೆದು, ಒರೆಸಿ, ಬೆರಳ ಸಂದಿ ಬಿಟ್ಟು ಎಣ್ಣೆ ಹಚ್ಚುತ್ತೇನೆ. ತೆರೆದ ಗಾಯ, ಇಸುಬು, ಕಾಲಿನಲ್ಲಿ ಬಾವು ಇರುವವರು, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಈ ಯಾವುದಕ್ಕಾದರೂ ಕೈ ಹಾಕಬೇಕು. ಎಪ್ಸಮ್ ಉಪ್ಪು ಹೊಟ್ಟೆಗೆ ಹೋದರೆ ಭೇದಿ ಹತ್ತುತ್ತದೆ. ಸಕ್ಕರೆಯಂತೆಯೇ ಕಾಣುವ ಅದನ್ನು ಅಡುಗೆಮನೆಯಲ್ಲಿ ಇಡದೆ, ಹೆಸರು ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಬೇಕು.

ಇಡುವ ಡಬ್ಬಿ ಬಿಗಿಯಾದ ಮುಚ್ಚಳದ್ದಾಗಿರಬೇಕು. ಹರಳುಪ್ಪು ಮಳೆಗಾಲದ ತೇವಕ್ಕೆ ನೀರೊಡೆಯುತ್ತದೆ. ಎಪ್ಸಮ್ ಉಪ್ಪಿನ ಕಥೆ ಇದಕ್ಕೆ ವಿರುದ್ಧ. ಅದರ ತೂಕದಲ್ಲಿ ಅರ್ಧದಷ್ಟು ಹರಳಿನೊಳಗೆ ಕಟ್ಟಿಕೊಂಡ ನೀರೇ ಆಗಿರುವುದರಿಂದ, ಕಲಬುರಗಿಯ ಏಪ್ರಿಲ್, ಮೇ ತಿಂಗಳ ಒಣ ಬಿಸಿಗಾಳಿಗೆ ತೆರೆದಿಟ್ಟರೆ ಗಾಜಿನಂತಿದ್ದ ಹರಳುಗಳು ಕೆಲವೇ ದಿನಗಳಲ್ಲಿ ಮೇಲಿನಿಂದ ಬಿಳಿಯ ಪುಡಿಯಾಗುತ್ತಾ ಬರುತ್ತವೆ. ಅದು ಕೆಟ್ಟಿತೆಂದು ಚೆಲ್ಲಬೇಕಾಗಿಲ್ಲ. ನೀರು ಆರಿದ ಪುಡಿಯಲ್ಲಿ ಉಪ್ಪಿನ ಪಾಲು ಹೆಚ್ಚಿರುವುದರಿಂದ, ತಕ್ಕಡಿಯಲ್ಲಿ ತೂಗಿ ಹಾಕುವವರು ಎಂದಿನ ನೂರು ಗ್ರಾಂಗಿಂತ ಸ್ವಲ್ಪ ಕಡಿಮೆ ಹಾಕಿಕೊಂಡರೆ ಸಾಕು.